ಚಕ್ರದ ಹಸಿರು ಮುಚ್ಚಳ

ತೊಳೆಯುವುದೂ ಒಂದು ಕೆಟ್ಟ ಚಟವೆಂದು ನನಗೆ ಯಾರೂ ಹೇಳಿರಲಿಲ್ಲ. ಕುಕ್ಕರಿನ ಸೀಟಿ, ಚಹಾ ಸೋಸುವ ಜಾಲರಿ, ನೀರಿನ ಫಿಲ್ಟರಿನ ನಲ್ಲಿ, ಹೀಗೆ ಬಿಚ್ಚಲು ಬರುವುದನ್ನೆಲ್ಲ ದಿನಾ ಬಿಚ್ಚಿ ತೊಳೆದರೇ ನನಗೆ ಸಮಾಧಾನ. ಈ ಚಟದಿಂದ ಒಬ್ಬ ಮರ್ಯಾದಸ್ಥನನ್ನು ಕಳ್ಳನನ್ನಾಗಿ ಮಾಡಿದ್ದು ನೆನಪಾದರೆ ಈಗಲೂ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಕೊಟ್ಟೂರಿನಲ್ಲಿ ನಾವು ಹಳೆಯ ಕಾರೊಂದನ್ನು ಕೊಂಡ ವರ್ಷ ನಮ್ಮ ಮನೆಯವರು ದಾವಣಗೆರೆಯಿಂದ ಚಕ್ರದ ಗಾಳಿ ತೋರಿಸುವ ನಾಲ್ಕು ಮುಚ್ಚಳ ತಂದರು. ಗಾಳಿ ತುಂಬುವ ಮೂತಿಯ ಹಳೆಯ ಮುಚ್ಚಳ ತೆಗೆದು ಇವನ್ನು ಹಾಕಿದರಾಯಿತು. ಗಾಳಿ ಸರಿಯಿದ್ದರೆ ಹಸಿರು, ಇಳಿದರೆ ಕೆಂಪು. ವಾರದೊಳಗೆ ನಾಲ್ಕೂ ಕೆಂಪಾದವು. ಬಸ್ ನಿಲ್ದಾಣದ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿದ್ದ ಬಶೀರಣ್ಣ ಗಾಳಿ ತುಂಬಿಕೊಟ್ಟ. ಮರುವಾರ ಮತ್ತೆ ಕೆಂಪು. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ, "ಒಂದು ಗುಳ್ಳಿ ಬರವಲ್ದು" ಎಂದ. ನಾನು ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಮಧ್ಯಾಹ್ನ ಹಪ್ಪಳ ಲಟ್ಟಿಸಲು ಕೂಡಿದ್ದ ನಾಲ್ಕು ಮನೆಯವರ ಮುಂದೆ, "ಬಶೀರಣ್ಣ ಗಾಳಿಯಾಗೂ ಕಡಿಮಿ ತೂಕ ಹಾಕ್ತಾನ್ರಿ" ಎಂದುಬಿಟ್ಟೆ.

ಮಾತು ಅಂಗಡಿ ಮುಟ್ಟಿತು. ಒಂದು ಬೆಳಿಗ್ಗೆ ಬಶೀರಣ್ಣ ಪಂಪು ಹಿಡಿದು ಬಂದು, ನಾಲ್ಕೂ ಚಕ್ರ ಹಸಿರಾಗುವ ತನಕ ಬೆವರು ಸುರಿಸಿ ಗಾಳಿ ಹೊಡೆದ. "ಅಕ್ಕಾರ, ಇವತ್ತು ಇಲ್ಲೇ ಕುಂದ್ರತೀನಿ. ಗಾಳಿ ಎಲ್ಲಿ ಹೋಗತೈತಿ ನೋಡೇ ಬಿಡಾನು" ಎಂದು ಕಟ್ಟೆಯ ಮೇಲೆ ಕೂತ. ಚಹಾ ಕೊಟ್ಟೆ. ಆಮೇಲೆ ಎಂದಿನಂತೆ ಬಕೆಟ್ಟು, ಸೋಪಿನ ಚೂರು ತಂದು ಮೊದಲ ಮುಚ್ಚಳ ತಿರುಗಿಸಿದೆ. ಟುಸ್ ಎಂದಿತು. ಕುಕ್ಕರಿನ ಜೊತೆ ಬಾಳುವವಳಿಗೆ ಆ ಸದ್ದೇನು ಹೊಸದೇ? ಬಶೀರಣ್ಣ ಮಾತ್ರ ಲೋಟ ಕೆಳಗಿಟ್ಟ.

"ದಿನಾ ಹಿಂಗ ಬಿಚ್ತೀರೇನ್ರಿ?"

"ದಿನಾ. ನಾಕೂ ತೊಳದು, ಒರಸಿ ಹಾಕ್ತೀನಿ."

"ಹಂಗಾರ ಕಳ್ಳ ಸಿಕ್ಕ ಬಿಡ್ರಿ. ಈ ಮುಚ್ಚಳ ಬಿಚ್ಚಿದಾಗೊಮ್ಮೆ, ಹಾಕಿದಾಗೊಮ್ಮೆ ಒಂದೀಟು ಗಾಳಿ ಹೋಗತೈತಿ."

"ಲೇ, ಗಾಳಿಗೂ ಸ್ನಾನ ಮಾಡ್ಸೀಯಲ್ಲೇ!" ಎಂದು ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನಕ್ಕರು. ಬಶೀರಣ್ಣ ನಗಲಿಲ್ಲ. "ನಿಮ್ಮ ಓಣಿಯ ಇಬ್ಬರು ಸ್ಕೂಟರಿನವರು ಬರೋದು ಬಿಟ್ಟಾರ್ರಿ, ಅಕ್ಕಾರ. ನೀವೇ ಒಂದು ಮಾತು ಹೇಳ್ರಿ" ಎಂದಷ್ಟೇ ಹೇಳಿ ಪಂಪು ಎತ್ತಿಕೊಂಡ. ಬೈದಿದ್ದರೆ ಚೆನ್ನಾಗಿತ್ತು.

ಒಂದೇ ಮಧ್ಯಾಹ್ನದಲ್ಲಿ ಹರಡಿದ ಮಾತನ್ನು ವಾಪಸ್ಸು ತರಲು ನಾಲ್ಕು ದಿನ ಹಿಡಿಯಿತು. ಮೂರು ಮನೆಗಳಲ್ಲಿ ತಲೆ ತಗ್ಗಿಸಿ, "ತಪ್ಪು ನಂದೇರಿ" ಎಂದೆ. ನಾಲ್ಕನೆಯ ಮನೆಯಾಕೆ ಮಾತ್ರ ಚೊಕ್ಕಟತನವನ್ನು ನನ್ನನ್ನು ನೋಡಿ ಕಲಿತೆ ಎನ್ನುವವಳು. ಅಲ್ಲಿ, "ಬಶೀರಣ್ಣಂದು ಏನೂ ತಪ್ಪಿಲ್ರಿ" ಎಂದು ಶುರು ಮಾಡಿದವಳು, "ಆ ದಾವಣಗೆರಿ ಅಂಗಡಿಯವ ಮೋಸ ಮಾಡ್ಯಾನ" ಎಂದು ಮುಗಿಸಿ ಎದ್ದು ಬಂದೆ.