ಮಂಚ ಎತ್ತಿದ ಫೋನು

"ಇನ್ನು ಮುಂದೆ ಈ ಮನೇಲಿ ಅಮ್ಮ ಯಾವುದಕ್ಕೂ ಮಂಚದಿಂದ ಇಳಿಯೋ ಹಾಗಿಲ್ಲ" ಎಂದು ಕನ್ನಡಕಪ್ಪ ಊಟದ ಮೇಜು ಕುಟ್ಟಿ ಘೋಷಿಸಿದ. ಕುಟ್ಟಿದ ರಭಸಕ್ಕೆ ನೀರಿನ ಲೋಟ ಉರುಳಿತು. ಘೋಷಣೆ ಒದ್ದೆಯಾಯಿತೇ ಹೊರತು ಹಿಂದೆ ಸರಿಯಲಿಲ್ಲ.

ಕನ್ನಡಕದ ಅಂಗಡಿ ಇಟ್ಟುಕೊಂಡವನಾದ್ದರಿಂದ ಬೀದಿಯವರು ಕೊಟ್ಟ ಹೆಸರು ಅದು. ಬೀದಿಯ ಕಣ್ಣನ್ನೆಲ್ಲ ಸರಿಮಾಡುವವನಿಗೆ ತನ್ನ ಮೂಗಿನ ತುದಿಯಲ್ಲಿರುವುದು ಕಾಣುವುದಿಲ್ಲ ಎನ್ನುವುದು ಅವನ ಹೆಂಡತಿಯ ದೂರು. ಅವಳು ಜನರಿಗೆ ಕಾರು ಓಡಿಸಲು ಕಲಿಸುವವಳು. ಎದುರಿಗಿರುವವರು ಯಾವ ಕ್ಷಣದಲ್ಲಿ ಎಡವಟ್ಟು ಮಾಡುತ್ತಾರೆಂದು ಮುಖ ನೋಡಿಯೇ ಹೇಳಬಲ್ಲವಳು.

"ಅತ್ತೆ ಎದ್ದು ಓಡಾಡ್ಬೇಕು ಅಂತ ಡಾಕ್ಟ್ರು ಬಡ್ಕೊಳ್ತಿದಾರೆ. ನೀವು ಏಳದೇ ಇರೋದಕ್ಕೆ ಏರ್ಪಾಡು ಮಾಡ್ತಿದೀರಲ್ಲ?"

"ಅಮ್ಮನಿಗೆ ಭಯ ಕಣೇ. ಅದು ಹೋಗೋವರೆಗಾದ್ರೂ ಆರಾಮಾಗಿರ್ಲಿ."

ಆ ಭಯಕ್ಕೆ ಕಾರಣವಿತ್ತು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದ ದಿನ ಮನೆಯಲ್ಲಿ ಯಾರೂ ಇರಲಿಲ್ಲ. ಮಗ ಅಂಗಡಿಯಿಂದ ಬರುವವರೆಗೆ ಅವಳು ತಣ್ಣನೆಯ ನೆಲದ ಮೇಲೆ ಕೂಗುತ್ತಲೇ ಇದ್ದಳು. ಸೊಂಟದ ಮೂಳೆ ಕೂಡಿಕೊಂಡು ಎಷ್ಟೋ ಕಾಲವಾಗಿದ್ದರೂ ನೆಲದ ಮೇಲಿನ ನಂಬಿಕೆ ಮಾತ್ರ ಕೂಡಿಕೊಂಡಿರಲಿಲ್ಲ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಮೇಡಂ ಬೆಳಗ್ಗೆ ಬೆಳಗ್ಗೆ ಪುಸಲಾಯಿಸುತ್ತಿದ್ದರು. ಅಮ್ಮ "ನಾಳೆ ಖಂಡಿತ" ಎಂದು ಮುಸುಕೆಳೆಯುತ್ತಿದ್ದಳು. ನಡೆಯಲೆಂದು ತಂದ ವಾಕರಿನ ಮೇಲೆ ಟವೆಲ್ಲುಗಳು ಒಣಗುತ್ತಿದ್ದವು. ಆವತ್ತು ಬೇಗ ಬರಲಿಲ್ಲವೆಂಬ ಕೊರಗು ಕನ್ನಡಕಪ್ಪನನ್ನು ಬಿಟ್ಟಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ಬಾರದವನು ಯಂತ್ರ ಕಟ್ಟಲು ಹೊರಟ.

ಇಸ್ಪೀಟೆಲೆಯಷ್ಟು ಅಗಲದ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್ ಬಂತು. ಫ್ಯಾನು, ದೀಪ, ರೇಡಿಯೋ, ಜೊತೆಗೆ ತಲೆಯ ಭಾಗ ಮೇಲೇಳುವ ಮೋಟಾರು ಮಂಚ, ಎಲ್ಲದರ ತಂತಿಯೂ ಆ ಬೋರ್ಡಿಗೆ. ಮಂಚದ ಜೊತೆ ಬಂದಿದ್ದ ಗುಂಡಿಗಳ ಡಬ್ಬಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಅದೇ ಅದರ ಅಪರಾಧ. ಕನ್ನಡಕಪ್ಪ ಅದರ ತಂತಿಗಳನ್ನು ಕತ್ತರಿಸಿ ಬೋರ್ಡಿಗೆ ಬೆಸುಗೆ ಹಾಕಿದ.

"ಎಲ್ಲಾನೂ ಫೋನಲ್ಲೇ ಮಾಡಬಹುದು ಅಮ್ಮಾ. ಒಂದು ಲೈಬ್ರರಿ ಸಿಕ್ಕಿದೆ."

"ಲೈಬ್ರರಿನಾ? ಕಾರ್ಡು ಮಾಡಿಸಿದ್ಯಾ?"

"ಪುಸ್ತಕದ್ದಲ್ಲ. ಯಾರೋ ಪುಣ್ಯಾತ್ಮರು ಮೊದಲೇ ಬರೆದಿಟ್ಟಿರೋ ಕೋಡು. ನಾನು ಅದನ್ನ ಕರೆದ್ರೆ ಸಾಕು, ಫೋನೂ ಬೋರ್ಡೂ ಒಂದಕ್ಕೊಂದು ಮಾತಾಡ್ತವೆ."

ಅಮ್ಮ ಯೋಚಿಸಿದಳು. "ನಾ ಕಂಡ ಲೈಬ್ರರೀಲೆಲ್ಲ ಮಾತಾಡ್ಬೇಡಿ ಅಂತಾನೇ ಬೋರ್ಡು ಇರ್ತಿತ್ತು ಕಣೋ."

ಅಮ್ಮನ ಬಾಯಿಯಿಂದ ಬಂದದ್ದು ನಿಜವೇ ಆಯಿತು. ಲೈಬ್ರರಿ ಹಳೆಯದು, ಫೋನಿನ ಆ್ಯಪ್ ಹೊಸದು. ಮಾತು ಬಿಟ್ಟ ಓರಗಿತ್ತಿಯರ ಹಾಗೆ ಒಂದೇ ಮನೆಯಲ್ಲಿದ್ದೂ ಒಂದರ ಮುಖ ಒಂದು ನೋಡಲಿಲ್ಲ. ಕನ್ನಡಕಪ್ಪ ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಗಾಜು ಹಿಡಿದು "ಈಗ ಕನೆಕ್ಟ್ ಆಗ್ತಿದೆಯಾ?" ಎಂದು ಕೇಳುವ ಮಟ್ಟಕ್ಕೆ ಬಂದ. ಕೊನೆಗೆ ಹಳೆಯ ಲೈಬ್ರರಿಯನ್ನು ಕಿತ್ತು ಅದರ ಹೊಸ ಆವೃತ್ತಿ ಹಾಕಿದ ಮೇಲೆ ಫೋನಿನಲ್ಲಿ ಒಂದೊಂದಕ್ಕೆ ಒಂದು ಬಣ್ಣದ ಗುಂಡಿ ಮೂಡಿತು. ಒತ್ತಿದರೆ ಫ್ಯಾನು ತಿರುಗಿತು. ಕನ್ನಡಕಪ್ಪ ಕಾಲರು ಸರಿಮಾಡಿಕೊಂಡ.

ಹೆಂಡತಿ ಮಾತ್ರ ಮಂಚದ ಸುತ್ತ ಒಂದು ಸುತ್ತು ಬಂದು ಕೇಳಿದಳು: "ನನ್ನ ಕಾರಲ್ಲಿ ಕಲಿಯೋರ ಕಾಲಿಗೊಂದು ಬ್ರೇಕಿದ್ರೆ ನನ್ನ ಕಾಲಿಗೂ ಒಂದಿರುತ್ತೆ. ಇದರ ಬ್ರೇಕ್ ಎಲ್ಲಿ?"

"ಇದಕ್ಕೆ ಬ್ರೇಕ್ ಯಾಕೆ? ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಏಳುತ್ತೆ. ಬೆರಳು ತೆಗೆದ್ರೆ ನಿಲ್ಲುತ್ತೆ."

ಮರುದಿನ ಬೆಳಗ್ಗೆ ಫಿಸಿಯೋ ಮೇಡಂ ಬಂದರು. ಮನೆಯವರು ಹೊಗಳದ ವಿದ್ಯೆಯನ್ನು ಹೊರಗಿನವರಾದರೂ ಹೊಗಳಲಿ ಎಂದು ಕನ್ನಡಕಪ್ಪ ಮಂಚ ಏಳಿಸುವ ಗುಂಡಿ ಒತ್ತಿ ಹಿಡಿದ. ಅಮ್ಮನ ತಲೆದಿಂಬು ಗಂಭೀರವಾಗಿ, ನಿಧಾನವಾಗಿ ಮೇಲೇಳತೊಡಗಿತು.

"ಚೆನ್ನಾಗಿದೆ. ಎಷ್ಟು ದೂರದಿಂದ ಆಗುತ್ತೆ?" ಎಂದರು ಮೇಡಂ.

ಅಷ್ಟು ಸಾಕಾಯಿತು. "ರಸ್ತೆಯಿಂದ್ಲೂ ಆಗುತ್ತೆ, ನೋಡ್ತಿರಿ" ಎಂದವನೇ ಬೆರಳು ತೆಗೆಯದೆ ಹಜಾರ ದಾಟಿ, ಮೆಟ್ಟಿಲಿಳಿದು, ಗೇಟು ತಳ್ಳಿ ಬೀದಿಗೆ ಹೋದ. ಎದುರು ಮನೆಯವರಿಗೆ ಕೈಯೆತ್ತಿ ನಮಸ್ಕಾರವನ್ನೂ ಮಾಡಿದ. ಆಮೇಲೆ ಬೆರಳು ತೆಗೆದ.

ಆದರೆ ಫೋನಿಗೂ ಬೋರ್ಡಿಗೂ ನಡುವಿನ ನಂಟು ಗೇಟಿನ ಹತ್ತಿರವೇ ಕಡಿದುಹೋಗಿತ್ತು. ಗುಂಡಿ ಒತ್ತಿದ ಸುದ್ದಿ ಬೋರ್ಡಿಗೆ ಮುಟ್ಟಿತ್ತು. ಬಿಟ್ಟ ಸುದ್ದಿ ಬೀದಿಯಲ್ಲೇ ಉಳಿಯಿತು. ಮಂಚ ಕೊಟ್ಟ ಮಾತಿಗೆ ತಪ್ಪದೆ ಏಳುತ್ತಲೇ ಇತ್ತು.

"ಸಾಕಪ್ಪ" ಎಂದಳು ಅಮ್ಮ. ಸ್ವಲ್ಪ ಹೊತ್ತಿಗೆ, "ಸಾಕು ಅಂದ್ನಲ್ಲೋ." ಆಮೇಲೆ ಬೀದಿಗೆ ಕೇಳುವಂತೆ, "ಲೋ, ನಿಲ್ಸೋ."

ಕನ್ನಡಕಪ್ಪ ಫೋನು ನೋಡಿದ. 'ಸಂಪರ್ಕಿಸಲಾಗುತ್ತಿದೆ, ದಯವಿಟ್ಟು ಕಾಯಿರಿ' ಎಂದಿತ್ತು. ಅವನು ಕಾಯದೆ ಕಂಡ ಗುಂಡಿಯನ್ನೆಲ್ಲ ಒತ್ತುತ್ತ ಒಳಗೋಡಿದ. ಹೊಸಿಲು ದಾಟುವಾಗ ನಂಟು ಮತ್ತೆ ಕೂಡಿತು. ಅಷ್ಟರವರೆಗೆ ಒತ್ತಿದ್ದೆಲ್ಲ ಒಂದೇ ಸಲಕ್ಕೆ ಬೋರ್ಡಿನ ಮೇಲೆ ಬಿತ್ತು. ಫ್ಯಾನು ಸುಂಟರಗಾಳಿಯಾಯಿತು, ದೀಪ ಕಣ್ಣು ಹೊಡೆಯಿತು, ರೇಡಿಯೋ ಗಂಟಲು ಹರಿದುಕೊಂಡು ಕೃಷಿ ವಾರ್ತೆ ಓದಿತು. ವಾಕರಿನ ಮೇಲಿದ್ದ ಟವೆಲ್ಲು ಹಾರಿ ಮೇಡಂ ಮುಖಕ್ಕೆ ಅಂಟಿತು. ಅಮ್ಮ ಎರಡೂ ಕೈಯಲ್ಲಿ ಮಂಚದ ಅಂಚು ಹಿಡಿದಿದ್ದಳು. ಅವಳ ಮುಖ ಬಿಳಿಚಿಕೊಂಡದ್ದನ್ನು ನೋಡಿ ಕನ್ನಡಕಪ್ಪ ಮತ್ತೆ ಫೋನಿನ ಮೇಲೆ ಬಗ್ಗಿದ. ನಂಟು ಮತ್ತೆ ಕಡಿದಿತ್ತು, ಮಂಚ ಇನ್ನೂ ಏಳುತ್ತಿತ್ತು.

"ಏನಂತೆ ಅದು ನಿನ್ನ ಫೋನು?"

"ಸಂಪರ್ಕಿಸ್ತಾ ಇದೆ ಅಮ್ಮಾ, ಸ್ವಲ್ಪ ಕಾಯಿ..."

ಕೆಲಸದಲ್ಲಿದ್ದಷ್ಟು ಕಾಲವೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರೂರಿಗೆ ಲೈನು ಕೊಟ್ಟವಳು ಅಮ್ಮ. "ಆ ಮಾತು ನಾನೂ ಜನಕ್ಕೆ ಹೇಳ್ತಿದ್ದೆ ಕಣೋ. ಲೈನು ಸಿಗಲ್ಲ ಅಂತ ಗೊತ್ತಾದಾಗ ಹೇಳ್ತಿದ್ದೆ."

ಹೆಂಡತಿ ಬಂದವಳು ಯಾರನ್ನೂ ಏನೂ ಕೇಳಲಿಲ್ಲ. ಗೋಡೆಯ ಪ್ಲಗ್ಗಿಗೆ ಕೈ ಹಾಕಿ ಎಳೆದಳು. ಕೋಣೆ ತಣ್ಣಗಾಯಿತು.

"ಇದೇ ನೋಡಿ ಬ್ರೇಕು" ಎಂದಳು.

ಆದರೆ ಮಂಚ ಎದ್ದ ಜಾಗದಲ್ಲೇ ನಿಂತಿತ್ತು. ಬೆನ್ನು ನೆಟ್ಟಗಾಗಿ ಅಮ್ಮ ಸಿಂಹಾಸನದಲ್ಲಿ ಕೂತಂತೆ ಕೂತಿದ್ದಳು. ಇಳಿಸಬೇಕಾಗಿದ್ದ ಡಬ್ಬಿಯ ತಂತಿಗಳು ಮಗನ ಕತ್ತರಿಗೆ ಬಲಿಯಾಗಿದ್ದವು. ಬೋರ್ಡಿಗೆ ಮತ್ತೆ ಕರೆಂಟು ಕೊಡಲು ಯಾರಿಗೂ ಧೈರ್ಯವಿರಲಿಲ್ಲ.

"ಒಂದೇ ಒಂದು ಸಲ ನೋಡ್ತೀನಿ ಅಮ್ಮಾ. ಈ ಸಲ ಇಳಿಯುತ್ತೆ" ಎಂದು ಕನ್ನಡಕಪ್ಪ ಫೋನು ಎತ್ತಿದ.

ಅಮ್ಮ ಫೋನನ್ನು ನೋಡಿದಳು. ನೆಲವನ್ನು ನೋಡಿದಳು. ಎರಡರಲ್ಲಿ ಯಾವುದು ಹೆಚ್ಚು ಅಪಾಯವೆಂದು ತೂಗುತ್ತಿರುವುದು ಅವಳ ಹುಬ್ಬಿನಲ್ಲೇ ಕಾಣುತ್ತಿತ್ತು. ಆಮೇಲೆ ಕಾಲೆರಡನ್ನೂ ಕೆಳಗಿಳಿಬಿಟ್ಟು, "ಆ ವಾಕರ್ ಈ ಕಡೆ ತಳ್ಳಮ್ಮ" ಎಂದು ಸೊಸೆಗೆ ಹೇಳಿದಳು.

ಅಮ್ಮ ಎದ್ದು ನಿಂತಳು. ಮೇಡಂ ಕೈ ಚಾಚಿದರೂ ಮುಟ್ಟಲಿಲ್ಲ. ಒಂದು ಹೆಜ್ಜೆ, ಇನ್ನೊಂದು. ಕಿಟಕಿಯ ಪಕ್ಕದ ಕುರ್ಚಿಯವರೆಗೆ ಹೋಗಿ ಕೂತವಳು ಬೀದಿಯತ್ತ ತಿರುಗಿ, "ಎದುರು ಮನೆಗೆ ಬಣ್ಣ ಯಾವಾಗ ಹೊಡ್ಸಿದ್ರು?" ಎಂದಳು.

ಕನ್ನಡಕಪ್ಪ ಕನ್ನಡಕ ತೆಗೆದು ಒರೆಸಿಕೊಂಡ. ಒರೆಸಿದಷ್ಟೂ ಅದು ಮಂಜಾಗುತ್ತಿತ್ತು.

ಅಂದೇ ಅವನು ಡಬ್ಬಿಯ ತಂತಿಗಳನ್ನು ಮೊದಲಿನಂತೆ ಜೋಡಿಸಿದ. ಆದರೂ ಹಟ ಬಿಡದೆ, ನಂಟು ಕಡಿದರೆ ಎಲ್ಲವೂ ತಾನಾಗಿ ನಿಲ್ಲುವಂತೆ ಬೋರ್ಡಿನ ಕೋಡನ್ನು ತಿದ್ದಿದ. ಚೊಕ್ಕ ಕೆಲಸ. ಪರೀಕ್ಷಿಸಲು ಮಾತ್ರ ಯಾರೂ ಒಪ್ಪಲಿಲ್ಲ. ಅವನು ಕೋಣೆಯ ಬಾಗಿಲಲ್ಲಿ ಜೇಬಿಗೆ ಕೈ ಹಾಕಿದರೆ ಸಾಕು, ಒಳಗಿನಿಂದ "ಬೇಡಪ್ಪ, ಫ್ಯಾನು ನಾನೇ ಹಾಕ್ಕೋತೀನಿ" ಎಂದು ವಾಕರಿನ ಸದ್ದು ಹೊರಡುತ್ತಿತ್ತು.

ಮುಂದಿನ ವಾರ ಫಿಸಿಯೋ ಮೇಡಂ ರಜೆ ಮುಗಿಸಿ ಬಂದಾಗ ಅಮ್ಮ ಹಜಾರದಲ್ಲಿ ವಾಕರ್ ಹಿಡಿದು ಸರಸರನೆ ಬರುತ್ತಿದ್ದಳು.

"ಇಷ್ಟು ಬೇಗ ಹೇಗಾಯ್ತು? ಯಾವ ವ್ಯಾಯಾಮ ಮಾಡ್ಸಿದ್ರಿ?" ಎಂದು ಮೇಡಂ ಬೆರಗಾಗಿ ಕೇಳಿದರು.

ಕನ್ನಡಕಪ್ಪ ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಉತ್ತರ ಕೊಟ್ಟುಬಿಟ್ಟಳು.

"ವ್ಯಾಯಾಮ ಏನೂ ಇಲ್ಲ ಮೇಡಂ. ಈಗ ತಾನೇ ಅಂಗಡಿಯಿಂದ ಫೋನ್ ಬಂತು ಅಂತ ಇವರು ಜೇಬಿಗೆ ಕೈ ಹಾಕಿದ್ರು, ಅಷ್ಟೆ."