ಮಗ್ಗದ ಕುಣಿ

ಬೆಟಗೇರಿಯ ನೇಕಾರ ಮರ್ದಾನಸಾಬನ ಸಂಸಾರವೆಲ್ಲ ಬೆಳಿಗ್ಗೆಯೇ ಚಕ್ಕಡಿ ಏರಿತ್ತು. ಬಿಚ್ಚಿದ ಮಗ್ಗ, ಅದರ ಮೇಲೆ ಕೌದಿ, ಕೌದಿಯ ಮೇಲೆ ಹೆಂಡತಿ ಗೌಸಬಿ. ಹೊಸ ಮನೆಯವರು ಡಿಪಾಜಿಟ್ಟು ಕೈಗೆ ಬೀಳದೆ ಬೀಗ ತೆಗೆಯುವವರಲ್ಲ. ಆ ರೊಕ್ಕ ಹಳೆ ಮನೆಯ ಮಾಲಕ ಪುಂಡಲೀಕಪ್ಪನ ಹತ್ತಿರವಿದ್ದ ಡಿಪಾಜಿಟ್ಟಿನಿಂದಲೇ ಬರಬೇಕು.

ಪುಂಡಲೀಕಪ್ಪ ಖಾಲಿಯಾದ ಮನೆಯೊಳಗೆ ಬಂದ. ಮಗ್ಗದ ಕೆಳಗೆ ತೋಡಿದ್ದ ಕುಣಿಯನ್ನು, ಇಷ್ಟು ದಿನ ಮರ್ದಾನಸಾಬ ಕಾಲು ಇಳಿಬಿಟ್ಟು ನೇಯುತ್ತಿದ್ದ ಆ ತಗ್ಗನ್ನು, ಹಾವು ಕಂಡವನಂತೆ ನೋಡಿದ.

"ಇದನ್ನ ಯಾರು ಮುಚ್ಚಬೇಕು? ನೆಲ ಮೊದಲಿದ್ದಂಗ ಮಾಡು, ಆಮ್ಯಾಲೆ ರೊಕ್ಕ."

"ನೀವು ಹೂಂ ಅಂದ ಮ್ಯಾಲೆನ ತೋಡೀನ್ರಿ ಸಾವಕಾರ್ರ! ಎಮರ್ಜೆನ್ಸಿ ಮುಗಿದೈತಿ, ಈಗ ಬಡವರೂ ಬಾಯಿ ತಗೀತಾರ!"

"ತಗೀ, ಯಾರು ಬ್ಯಾಡಂದ್ರು? ಮೊದಲ ಕುಣಿ ಮುಚ್ಚು, ಆಮ್ಯಾಲೆ ಬಾಯಿ ತಗೀ," ಎಂದು ಆತ ಹೊರಟೇಹೋದ.

ಮರ್ದಾನಸಾಬನ ಮೈ ರೊಟ್ಟಿಹಂಚಿನಂತೆ ಕಾಯಿತು. ಹಳ್ಳದ ದಂಡೆಯಿಂದ ಮಣ್ಣು ಹೊತ್ತು ತಂದು, ಒಂದೊಂದು ಬುಟ್ಟಿಯನ್ನೂ ಪುಂಡಲೀಕಪ್ಪನ ತಲೆಯ ಮೇಲೆಯೇ ಎಂಬಂತೆ ಸುರಿದ.

ಪಕ್ಕದ ಮನೆಯ ಹುಚ್ಚವ್ವ ಬಾಗಿಲಲ್ಲಿ ನಿಂತು ಉಸ್ತುವಾರಿ ಶುರುಮಾಡಿದಳು. "ತಮ್ಮಾ, ಅದು ಎರಿಮಣ್ಣೋ! ನಾಳೆ ಒಣಗಿ ಬಿರೀತೈತಿ. ಆ ಮನಶಾ ಬಿರುಕಿಗೂ ರೊಕ್ಕ ಮುರಕೊಂತಾನ!"

ಎರಿಮಣ್ಣು ತೆಗೆದು ಕೆಂಪುಮಣ್ಣು ಹಾಕಿದ.

"ಮೆತ್ತಗೈತಲ್ಲೋ, ತುಳಿ!"

ಪುಂಡಲೀಕಪ್ಪನ ಹೆಸರು ಹೇಳಿ ಹೇಳಿ ತುಳಿದ. ನೆಲ ಬಂಡೆಯಾಯಿತು. ಹುಚ್ಚವ್ವ ಮೇಲೆ ಸಗಣಿ ಸಾರಿಸಿಕೊಟ್ಟಳು. ಇಲ್ಲೊಂದು ಮಗ್ಗವಿತ್ತೆಂದು ಆಣೆ ಮಾಡಿದರೂ ಈಗ ಯಾರೂ ನಂಬುವಂತಿರಲಿಲ್ಲ.

"ನಾ ಇಲ್ಲೇ ಸಂಡಿಗಿ ಆಗ್ಲೇನು?" ಚಕ್ಕಡಿಯ ಮೇಲಿಂದ ಗೌಸಬಿ ಒದರಿದಳು.

ಸಂಜೆ ಪುಂಡಲೀಕಪ್ಪ ಬಂದ. ಹಿಂದೆ ಹೊಸ ಬಾಡಿಗೆದಾರ ನೀಲಪ್ಪ, ಊದಿನಕಡ್ಡಿಯಂಥ ಆಳು. ಒಳಗೆ ಇಣುಕಿದವನೇ ಗಕ್ಕನೆ ನಿಂತ.

"ಕುಣಿ ಎಲ್ಲೈತ್ರಿ? ನಿನ್ನೆ ಇತ್ತಲ್ಲ! ನಾನೂ ನೇಕಾರ. ಕುಣಿ ತಯಾರೈತಿ ಅಂತನ ಈ ಮನಿ ಹಿಡದೀನಿ!"

"ನೀವು ನೇಕಾರಂತ ನನಗೇನ ಗೊತ್ತು?" ಎಂದ ಪುಂಡಲೀಕಪ್ಪ. "ಡಿಪಾಜಿಟ್ಟು ಕೊಡ್ತೀನಿ ಅಂದ್ರಿ, ಮುಂದ ನಾ ಏನೂ ಕೇಳಲಿಲ್ಲ."

"ಅದು ನಿಮ್ಮಿಬ್ಬರ ಮಾತು!" ಮರ್ದಾನಸಾಬ ಗುಡುಗಿದ. "ನನ್ನ ರೊಕ್ಕ ಇಡ್ರಿ!"

"ನಿನ್ನ ರೊಕ್ಕ ಮಗಳ ಮದುವ್ಯಾಗ ಬುಂದೆ ಆಗಿ ಹೋತೋ! ಇವರು ಕೊಟ್ಟದ್ದನ್ನ ನಿನಗ ಕೊಡಾಂವ."

"ಕುಣಿ ಇಲ್ಲದ ಮನಿಗೆ ನಾ ಪೈಸಾ ಬಿಚ್ಚಂಗಿಲ್ಲ," ಎಂದ ನೀಲಪ್ಪ.

ಮೂವರೂ ನೆಲ ನೋಡಿದರು. ಆಮೇಲೆ ಇಬ್ಬರು ಮರ್ದಾನಸಾಬನನ್ನು ನೋಡಿದರು.

ದೀಪ ಹಚ್ಚುವ ಹೊತ್ತಿಗೆ ಮರ್ದಾನಸಾಬ ಮೊಣಕಾಲುಮಟ ಇಳಿದಿದ್ದ. ಹಗಲೆಲ್ಲ ತುಳಿದು ತುಂಬಿದ ಸಿಟ್ಟು ಈಗ ಅವನದೇ ಗುದ್ದಲಿಗೆ ಎದುರು ಬೀಳುತ್ತಿತ್ತು. ನೀಲಪ್ಪ ಅಂಚಿನಲ್ಲಿ ಕುಳಿತು, ಕಾಲು ಇಳಿಬಿಟ್ಟು ನೋಡಿದ.

"ಇನ್ನೊಂದೀಟು ಆಳ ಆಗಬೇಕ್ರಿ. ನನ್ನ ಕಾಲು ನಿಮ್ಮಕಿಂತ ಉದ್ದ ಅದಾವ."