ಸಾಹೇಬರ ಮೀನು, ನಮ್ಮ ಬಾವಿಯ ನೀರು

ಪರಸ್ಥಳಕ್ಕೆ ಹೋಗಿ ಬಂದ ಗಂಡಸರು ‘ಅಲ್ಲಿಯ ನೀರು ಒಗ್ಗಲಿಲ್ಲ’ ಎಂದು ಎರಡು ದಿನ ಹಾಸಿಗೆ ಹಿಡಿಯುತ್ತಾರೆ. ಹೆಂಗಸರಿಗೆ ಆ ಭಾಗ್ಯವಿಲ್ಲ. ಮಾಸೂರಿನ ಕೆರೆಯ ಸಿಹಿನೀರು ಕುಡಿದು ಬೆಳೆದ ನನ್ನನ್ನು ಹಾನಗಲ್ಲಿಗೆ ಕೊಟ್ಟರು. ಇಲ್ಲಿ ನಮ್ಮ ಹಿತ್ತಲ ಬಾವಿಯದು ಸವಳು ನೀರು. ಅದರಲ್ಲಿ ತೊಗರಿ ಬೇಳೆ ಇಟ್ಟರೆ ಕಟ್ಟಿಗೆ ಮುಗಿಯುತ್ತಿತ್ತೇ ಹೊರತು ಬೇಳೆ ಬೇಯುತ್ತಿರಲಿಲ್ಲ. ‘ಅಕಿ ಕೈಗುಣಾನ ಹಂಗ,’ ಎಂದು ಅತ್ತೆ ಓಣಿಗೆಲ್ಲ ಸಾರಿದಳು. ಕೆರೆಯ ನೀರು ಹೊತ್ತು ತಂದು ಬೇಯಿಸಿ ಬಡಿಸಿದೆ. ಉಂಡಳು, ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆಗ ದೊಡ್ಡ ಯುದ್ಧ ನಡೆದಿತ್ತು. ನಮ್ಮ ಯಜಮಾನರು ಕಚೇರಿಯಲ್ಲಿ ಪಟ್ಟೇವಾಲ, ಅಂದರೆ ಜವಾನ. ನನಗೆ ತಾಳಿ ಹೇಗೋ ಅವರಿಗೆ ಸೊಂಟದ ಪಟ್ಟಾ ಹಾಗೆ. ಅಲ್ಲಿಯ ಸಾಹೇಬರ ಹೆಂಡತಿ ಗಾಜಿನ ಭರಣಿಯಲ್ಲಿ ಎರಡು ಕೆಂಪು ಮೀನು ಸಾಕಿದ್ದರು. ತಿನ್ನುವುದಕ್ಕಲ್ಲ, ನೋಡುವುದಕ್ಕೆ! ಒಂದು ದಿನ ಶಿಗ್ಗಾಂವಿಗೆ ಮದುವೆಗೆ ಹೊರಟಾಗ ಭರಣಿಯನ್ನು ನಮ್ಮ ಮನೆಗೆ ಕಳಿಸಿದರು. ‘ಸಂಜೀಕ ಬರ್ತೇವಿ. ಮೀನಿಗೆ ಏನರ ಆತಂದ್ರ ನಿನ್ನ ಪಟ್ಟಾ ಬಿಚ್ಚಿಸ್ತೇನಿ,’ ಎಂದಿದ್ದರಂತೆ ಸಾಹೇಬರು.

ಅವರ ಮೆಚ್ಚುಗೆ ಗಳಿಸಬೇಕೆಂದು ಯಜಮಾನರು ಹಳೆಯ ನೀರನ್ನೆಲ್ಲ ಚೆಲ್ಲಿ, ಭರಣಿ ತಿಕ್ಕಿ, ನಮ್ಮ ಬಾವಿಯ ನೀರು ತುಂಬಿದರು. ಸ್ವಲ್ಪ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗಿದವು. ಒಂದು ಅಡ್ಡಾಯಿತು.

‘ಚೂರು ಸುಣ್ಣಾ ಹಾಕ್ರಿ, ನೀರು ತಿಳಿ ಆಕ್ಕತಿ,’ ಎಂದಳು ಅತ್ತೆ. ಎಲೆಅಡಿಕೆಯ ಸುಣ್ಣದ ಡಬ್ಬಿ ಆಗಲೇ ಬಿಚ್ಚಿತ್ತು.

‘ಹುಣಸಿಹುಳಿ ಹಿಂಡೋಣೇನು?’ ಎಂದರು ಯಜಮಾನರು.

‘ಒಗ್ಗರಣಿನೂ ಕೊಟ್ಟುಬಿಡ್ರಿ, ಸಾರ ಆಕ್ಕತಿ,’ ಎಂದೆ ನಾನು. ‘ಮೊದಲಿನ ನೀರು ಎಲ್ಲಿದು?’

‘ಕೆರಿದು.’

ಅಷ್ಟು ಸಾಕಾಯಿತು. ಬೇಳೆ ಬೇಯದ ನೀರಿನಲ್ಲಿ ಮೀನು ಬಾಳೀತೇ? ಯಜಮಾನರು ಓಡಿಹೋಗಿ ಕೆರೆಯಿಂದ ಕೊಡ ತುಂಬಿ ತಂದವರು ಹಾಗೆಯೇ ಸುರಿಯಲು ಹೊರಟರು. ಕೈ ಹಿಡಿದೆ.

‘ಒಮ್ಮೆ ಪೂರಾ ಬದಲ ಮಾಡಿ ಈ ಗತಿ ತಂದೀರಿ. ಇನ್ನೊಮ್ಮೆ ಮಾಡಿದ್ರ ಪಟ್ಟಾ ಈಗ ಬಿಚ್ಚಿಟ್ಟುಬಿಡ್ರಿ.’

ಎರಡೂ ನೀರಿನಲ್ಲಿ ಕೈ ಅದ್ದಿದೆ. ತಂಪು ಒಂದೇ ಇತ್ತು. ಸಣ್ಣ ಬಟ್ಟಲೊಂದರಿಂದ ಒಂದು ವಾಟಗ ಬಾವಿಯ ನೀರು ತೆಗೆದು ಒಂದು ವಾಟಗ ಕೆರೆಯ ನೀರು ಹಾಕುವುದು, ಸುಮ್ಮನೆ ಕೂತು ನೋಡುವುದು, ಮತ್ತೆ ಒಂದು ವಾಟಗ. ಹೊತ್ತು ಇಳಿಯುತ್ತಿತ್ತು. ಬೀದಿಯಲ್ಲಿ ಚಕ್ಕಡಿಯ ಸದ್ದಾದಾಗಲೆಲ್ಲ ಯಜಮಾನರ ಕೈ ಪಟ್ಟಾಕ್ಕೆ ಹೋಗುತ್ತಿತ್ತು. ‘ಲಗೂ ಹಾಕಽ,’ ಎಂದು ಅಳುವ ದನಿಯಲ್ಲಿ ಅನ್ನುತ್ತಿದ್ದರು. ನಾನು ಅವಸರ ಮಾಡಲಿಲ್ಲ. ಅತ್ತೆ ಡಬ್ಬಿ ಮುಚ್ಚಿದ್ದಳು, ಕೆಳಗಿಟ್ಟಿರಲಿಲ್ಲ.

ಅಡ್ಡ ಬಿದ್ದ ಮೀನು ರೆಕ್ಕೆ ಆಡಿಸಿತು. ಸೊಟ್ಟಸೊಟ್ಟವಾಗಿ ಎದ್ದು ನೆಟ್ಟಗಾಯಿತು. ಆಗಲೇ ಟಾಂಗಾ ಬಂದು ನಿಂತಿತು.

‘ಭೇಷ್! ನೀರು ಎಷ್ಟು ತಿಳಿ ಇಟ್ಟೀಯೋ!’ ಎಂದರು ಸಾಹೇಬರು. ಯಜಮಾನರು ಸಲಾಮು ಹೊಡೆದರು. ನನ್ನ ಕಡೆ ನೋಡಲಿಲ್ಲ. ನನಗೂ ಬೇಕಿರಲಿಲ್ಲ, ಒಲೆಯ ಮೇಲೆ ಬೇಳೆ ಇತ್ತು.

ಮೊನ್ನೆ ನನ್ನ ಹೊಸ ಸೊಸೆ ಬೇಳೆಗೆ ಇಟ್ಟಳು. ಬೇಯಲಿಲ್ಲ. ‘ನಿನ್ನ ಕೈಗುಣಾನ ಹಂಗ,’ ಎಂದುಬಿಟ್ಟೆ.

ಬಾವಿ ಅದೇ. ಅತ್ತೆ ಮಾತ್ರ ಬದಲಾಗಿದ್ದಾಳೆ.